ಕೆಂಪು ದೀಪ ಆರದಿದ್ದರೆ

ಆಯುಧಪೂಜೆಯ ಹಿಂದುಮುಂದಿನ ದಿನಗಳು ಆಟೋ ಎಲೆಕ್ಟ್ರಿಷಿಯನ್ನರಿಗೆ ಸುಗ್ಗಿ. ಜೂನಿನಿಂದ ಟಾರ್ಪಾಲಿನಡಿ ಮಲಗಿದ್ದ ಅಂಬಾಸಿಡರ್, ಫಿಯೆಟ್, ಜೀಪುಗಳನ್ನು ಹೊರಗೆ ತಂದು ತೊಳೆದು, ಅರಿಶಿನ ಕುಂಕುಮ ಹಚ್ಚಿ, ಚಕ್ರದಡಿ ನಿಂಬೆಹಣ್ಣಿಟ್ಟು ಕೀ ತಿರುಗಿಸಿದರೆ ಸೆಲ್ಫ್ ಒಂದು ಸಲ 'ಟಕ್' ಎನ್ನುತ್ತದೆ, ಮುಗಿಯಿತು. ನಾಲ್ಕು ಜನ ಸೇರಿ ತಳ್ಳಿ ಸ್ಟಾರ್ಟ್ ಮಾಡಿ ಅಂಗಡಿಗೆ ಒಯ್ದರೆ ಬಾನೆಟ್ ಎತ್ತುವ ಮೊದಲೇ ತೀರ್ಪು ಬಂದಿರುತ್ತದೆ: "ಬ್ಯಾಟ್ರಿ ಹೋಗಿದೆ ಸಾರ್, ಹೊಸದು ಹಾಕಿಸ್ಬಿಡಿ." ಹಾಕಿಸುತ್ತಾರೆ. ದೀಪಾವಳಿಯ ಹೊತ್ತಿಗೆ ಹೊಸದೂ ಮಲಗುತ್ತದೆ. ಆಮೇಲೆ ಡೈನಮೋ ಬದಲಿಸುತ್ತಾರೆ, ಕಟೌಟ್ ಬದಲಿಸುತ್ತಾರೆ, ಕೊನೆಗೆ ಬೇಸತ್ತು ಯಾವುದೋ ಹೊಸ ಗಾಡಿಯ ಆಲ್ಟರ್ನೇಟರನ್ನು ಬ್ರಾಕೆಟ್ ವೆಲ್ಡ್ ಮಾಡಿಸಿ ಕೂರಿಸುತ್ತಾರೆ. ಇಷ್ಟೆಲ್ಲ ಆದ ಮೇಲೂ ನಿಜವಾದ ತಪ್ಪು, ಎಂಜಿನ್ನಿಗೂ ಚಾಸಿಗೂ ನಡುವಿನ ತುಕ್ಕು ಹಿಡಿದ ಅರ್ಥ್ ಪಟ್ಟಿ, ಇದ್ದಲ್ಲೇ ಇರುತ್ತದೆ.

ಹೊಸಮನೆ ಎಂಬ ಬಡಾವಣೆ ಶಿವಮೊಗ್ಗದಲ್ಲೊಂದಿದೆ, ಭದ್ರಾವತಿಯಲ್ಲೊಂದಿದೆ. ನಡುವೆ ಬಿ.ಎಚ್. ರಸ್ತೆಯ ಸುಮಾರು 20 ಕಿಲೋಮೀಟರ್. ಈ ದಾರಿಯಲ್ಲಿ ಹಳೆಯ ಕಾರೊಂದು ರಾತ್ರಿ ಮಳೆಯಲ್ಲಿ, ಹೆಡ್‌ಲೈಟ್ ಹಾಕಿಕೊಂಡು, ವೈಪರ್ ಆಡಿಸಿಕೊಂಡು, ತಲುಪಿದ ಮೇಲೆ ಮತ್ತೆ ಸೆಲ್ಫ್ ಹೊಡೆಯುವಷ್ಟು ಬ್ಯಾಟರಿ ಉಳಿಸಿಕೊಂಡರೆ ಅದರ ಚಾರ್ಜಿಂಗ್ ಸರಿಯಿದೆ ಎಂದೇ ಅರ್ಥ. ಸರಿಯಿಲ್ಲದಿದ್ದರೆ ಹುಡುಕುವುದಕ್ಕೊಂದು ಕ್ರಮವಿದೆ. ಆ ಕ್ರಮದಲ್ಲಿ ಹೋದರೆ ಒಂದು ಮಲ್ಟಿಮೀಟರ್, ಒಂದು ತುಂಡು ವೈರ್, ಸ್ವಲ್ಪ ಗ್ಲಾಸ್ ಪೇಪರ್ ಇಷ್ಟರಲ್ಲೇ ಹೆಚ್ಚಿನ ತೊಂದರೆಗಳು ಸಿಕ್ಕಿಬೀಳುತ್ತವೆ. ಕ್ರಮ ತಪ್ಪಿದರೆ ಸಾವಿರಾರು ರೂಪಾಯಿಯ ಸಾಮಾನು ಬದಲಾಗುತ್ತದೆ, ರೋಗ ಮಾತ್ರ ಹಾಗೇ ಇರುತ್ತದೆ.

ಮೊದಲು ಚಾರ್ಜಿಂಗನ್ನು ಮರೆತು ಬ್ಯಾಟರಿಯನ್ನೇ ವಿಚಾರಿಸಬೇಕು. ಕಾರು ರಾತ್ರಿಯಿಡೀ ನಿಂತಿದ್ದಾಗ 12 ವೋಲ್ಟಿನ ಬ್ಯಾಟರಿ ತುಂಬಿದ್ದರೆ 12.6ರ ಆಸುಪಾಸು ತೋರಿಸುತ್ತದೆ. 12.4 ಎಂದರೆ ಮುಕ್ಕಾಲು ಭಾಗ, 12ಕ್ಕೆ ಇಳಿದರೆ ಬಹುಪಾಲು ಖಾಲಿ. ಮುಚ್ಚಳ ಬಿಚ್ಚುವ ಬ್ಯಾಟರಿಯಾದರೆ ಹೈಡ್ರೋಮೀಟರ್ ಇನ್ನೂ ನಂಬಿಕಸ್ಥ ಸಾಕ್ಷಿ: ತುಂಬಿದ ಸೆಲ್ಲಿನ ಆಸಿಡ್ 1.27ರಿಂದ 1.28 ತೋರಿಸುತ್ತದೆ, ಬರಿದಾದದ್ದು 1.15ರ ಹತ್ತಿರ. ಐದು ಸೆಲ್ ಒಂದೇ ಸಮ ಇದ್ದು ಆರನೆಯದು ಮಾತ್ರ ತೀರ ಕೆಳಗಿದ್ದರೆ ಬ್ಯಾಟರಿ ನಿಜವಾಗಿಯೂ ಹೋಗಿದೆ, ಅಂಗಡಿಯವನ ಮಾತು ಸರಿ. ಆರೂ ಒಟ್ಟಿಗೆ ಕೆಳಗಿದ್ದರೆ ಅದು ಹೋಗಿಲ್ಲ, ಉಪವಾಸ ಬಿದ್ದಿದೆ.

ಉಪವಾಸಕ್ಕೆ ಕಾರಣ ಚಾರ್ಜಿಂಗೇ ಆಗಬೇಕೆಂದಿಲ್ಲ. ಸೆಲ್ಫ್ ಹೊಡೆಯುವುದರಿಂದ ಬ್ಯಾಟರಿ ಖಾಲಿಯಾಗುತ್ತದೆ ಎಂದು ಎಲ್ಲರೂ ಅಂದುಕೊಂಡಿದ್ದಾರೆ. ಲೆಕ್ಕ ಹಾಕಿ ನೋಡಿ. ಸೆಲ್ಫ್ 150 ಆಂಪಿಯರ್ ಎಳೆದರೂ ಐದು ಸೆಕೆಂಡಿಗೆ ಆಗುವ ಖರ್ಚು ಸುಮಾರು 0.2 ಆಂಪಿಯರ್-ಗಂಟೆ. 5 ಆಂಪಿಯರ್ ಚಾರ್ಜ್ ಆಗುತ್ತಿದ್ದರೆ ಎರಡೂವರೆ ಮೂರು ನಿಮಿಷದಲ್ಲಿ ಅದು ವಾಪಸ್. ಅದೇ, ಯಾರೋ ಹಿಂದಿನ ಮಾಲೀಕರು ಹಾಕಿಸಿದ ಸ್ಟೀರಿಯೊ ಕಾರು ನಿಂತಿದ್ದಾಗಲೂ ಬರೀ 50 ಮಿಲಿ ಆಂಪಿಯರ್ ಹೀರುತ್ತಿದೆ ಎನ್ನಿ. ದಿನಕ್ಕೆ 1.2 ಆಂಪಿಯರ್-ಗಂಟೆ, ತಿಂಗಳಿಗೆ 36. ಸಾಮಾನ್ಯ ಕಾರ್ ಬ್ಯಾಟರಿ ಇಡೀ ಮಳೆಗಾಲ ಇದನ್ನು ತಡೆಯುವುದು ಸಾಧ್ಯವೇ ಇಲ್ಲ. ಆದ್ದರಿಂದ ಎಂಜಿನ್, ಕೀ ಎರಡೂ ಆಫ್ ಇದ್ದಾಗ ಬ್ಯಾಟರಿಯ ಅರ್ಥ್ ವೈರ್ ಬಿಚ್ಚಿ, ಆ ಜಾಗದಲ್ಲಿ ಮೀಟರನ್ನು ಆಂಪಿಯರ್‌ಗೆ ಇಟ್ಟು ನೋಡಬೇಕು. ಮೀಟರ್ ಹಾಕಿಕೊಂಡೇ ಸೆಲ್ಫ್ ಹೊಡೆಯಬಾರದು, ಮೀಟರಿನ ಫ್ಯೂಸ್ ಹೋಗುತ್ತದೆ. ನಿಜವಾದ ಹಳೆಯ ಕಾರು ನಿಂತಾಗ ಏನನ್ನೂ ಎಳೆಯಬಾರದು. ಅದರಲ್ಲಿ ನೆನಪಿಟ್ಟುಕೊಳ್ಳಬೇಕಾದ ಕಂಪ್ಯೂಟರ್ ಇಲ್ಲ. ಮಳೆಗಾಲಕ್ಕೆ ಮುಚ್ಚಿಡುವ ಕಾರಿಗೆ ಬ್ಯಾಟರಿ ವೈರ್ ಬಿಚ್ಚಿಡುವುದಕ್ಕಿಂತ ಅಗ್ಗದ ಔಷಧಿ ಇಲ್ಲ.

ಇನ್ನು ಡೈನಮೋ. ಬಾನೆಟ್ಟಿನಡಿ ಫ್ಯಾನ್ ಬೆಲ್ಟಿಗೆ ಸಿಕ್ಕಿಕೊಂಡು ತಿರುಗುವ ಈ ಉದ್ದನೆಯ ಡಬ್ಬಿಯೊಳಗೆ ಶಾಶ್ವತ ಅಯಸ್ಕಾಂತ ಇಲ್ಲ. ಇರುವುದು ಎರಡು ಕಬ್ಬಿಣದ ಧ್ರುವ, ಅವುಗಳ ಸುತ್ತ ಫೀಲ್ಡ್ ಕಾಯಿಲ್, ನಡುವೆ ಸುತ್ತುವ ಆರ್ಮೇಚರ್. ಅಯಸ್ಕಾಂತವಾಗಲು ಕಾಯಿಲಿಗೆ ಕರೆಂಟ್ ಬೇಕು, ಕರೆಂಟ್ ಹುಟ್ಟಲು ಅಯಸ್ಕಾಂತ ಬೇಕು. ಈ ಒಗಟನ್ನು ಬಿಡಿಸಿದವರಲ್ಲಿ ಜರ್ಮನಿಯ ವರ್ನರ್ ಸೀಮೆನ್ಸ್ ಒಬ್ಬ. 1867ರ ಜನವರಿಯಲ್ಲಿ ಬರ್ಲಿನ್ ಅಕಾಡೆಮಿಯ ಮುಂದೆ ಅದು ಮಂಡನೆಯಾಯಿತು. ಅದೇ ಹೊತ್ತಿಗೆ ಇಂಗ್ಲೆಂಡಿನಲ್ಲಿ ವೀಟ್‌ಸ್ಟೋನ್, ವಾರ್ಲಿ ಕೂಡ ಅಲ್ಲಿಗೇ ಬಂದಿದ್ದರು. ಗುಟ್ಟು ಇಷ್ಟೇ: ಒಮ್ಮೆ ಅಯಸ್ಕಾಂತವಾದ ಕಬ್ಬಿಣ ಕರೆಂಟ್ ನಿಂತ ಮೇಲೂ ಚೂರು ಕಾಂತತ್ವ ಉಳಿಸಿಕೊಂಡಿರುತ್ತದೆ. ಆ ಚೂರಿನಿಂದ ಒಂದೆರಡು ವೋಲ್ಟ್ ಹುಟ್ಟುತ್ತದೆ, ಅದು ಫೀಲ್ಡಿಗೆ ಹೋಗಿ ಕಾಂತತ್ವ ಹೆಚ್ಚಿಸುತ್ತದೆ, ಹೆಚ್ಚಿದ ಕಾಂತತ್ವ ಮತ್ತಷ್ಟು ವೋಲ್ಟ್ ಹುಟ್ಟಿಸುತ್ತದೆ. ತೀರ ಶುದ್ಧ ಮೆದು ಕಬ್ಬಿಣವಾದರೆ ಉಳಿಯುವ ಕಾಂತತ್ವ ತೀರ ಕಡಿಮೆ, ಗಟ್ಟಿ ಉಕ್ಕಾದರೆ ಹತೋಟಿಗೆ ಸಿಗುವುದಿಲ್ಲ. ಕಬ್ಬಿಣದ ಗುಣಭೇದವನ್ನು ಭದ್ರಾವತಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬೆಂಕಿಪುರ ಎಂದಿದ್ದ ಊರಿಗೆ 1918ರಲ್ಲಿ ಕಬ್ಬಿಣದ ಕಾರ್ಖಾನೆ ಬಂದು, 1923ರಲ್ಲಿ ಕುಲುಮೆ ಹೊತ್ತಿಕೊಂಡಿತು.

ಆ ಕಾರ್ಖಾನೆಯ ಆಡಳಿತ ಮಂಡಳಿಯನ್ನು 1923ರಿಂದ 1929ರವರೆಗೆ ನಡೆಸಿದ ವಿಶ್ವೇಶ್ವರಯ್ಯನವರಿಗೂ ನಮ್ಮ ಶೆಡ್ಡಿನ ಫಿಯೆಟ್ಟಿಗೂ ಒಂದು ಸಂಬಂಧ ಉಂಟು. 1935ರಲ್ಲಿ ಯುರೋಪು, ಅಮೆರಿಕ ಸುತ್ತಿ ಮೋಟಾರು ಕಾರ್ಖಾನೆಗಳನ್ನು ನೋಡಿ ಬಂದ ಅವರು ಭಾರತದಲ್ಲೇ ಕಾರು ತಯಾರಿಸುವ ಯೋಜನೆ ಬರೆದರು. ಮೈಸೂರು ಸರ್ಕಾರ ಆಸಕ್ತಿ ತೋರಿತು, ಬ್ರಿಟಿಷ್ ಸರ್ಕಾರ ಅಡ್ಡ ನಿಂತಿತು. ಅವರ ಜೊತೆ ಈ ಯೋಜನೆಗೆ ಕೈಜೋಡಿಸಿದ್ದ ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಮುಂಬೈಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಟ್ಟಿದರು. ಫಿಯೆಟ್ 1100 ಆಗಿ ಬಂದು 1974ರಿಂದ ಪದ್ಮಿನಿ ಎನಿಸಿಕೊಂಡ ಕಾರು ಆ ಕಂಪನಿಯದೇ. ಬೆಂಗಳೂರಿಗೆ ಬರಬಹುದಾಗಿದ್ದ ಕಾರ್ಖಾನೆ ಮುಂಬೈಗೆ ಹೋಯಿತಲ್ಲ ಎಂಬ ಕೊರಗು ಇಲ್ಲಿ ಅಪ್ರಸ್ತುತ, ಆದರೂ ಫಿಯೆಟ್ಟಿನ ಬಾನೆಟ್ ಎತ್ತಿದಾಗ ನನಗೆ ಅದು ನೆನಪಾಗದೆ ಇರದು.

ಡೈನಮೋ ಮತ್ತು ಬ್ಯಾಟರಿಯ ನಡುವೆ ಒಂದು ಕಪ್ಪು ಡಬ್ಬಿ ಕೂತಿರುತ್ತದೆ. ನಮ್ಮ ಕಡೆ ಇಡೀ ಡಬ್ಬಿಗೇ ಕಟೌಟ್ ಎನ್ನುತ್ತಾರೆ. ಒಳಗೆ ನೋಡಿದರೆ ಎರಡು ಬೇರೆ ಸಾಧನಗಳಿವೆ. ಕಟೌಟ್ ಎಂಬುದು ಒಂದೇ ಕಡೆಗೆ ತೆರೆಯುವ ತೂಬಿನ ಬಾಗಿಲು. ಡೈನಮೋ 13 ವೋಲ್ಟಿನ ಹತ್ತಿರ ಬಂದಾಗ ತೆರೆದುಕೊಂಡು ಬ್ಯಾಟರಿಗೆ ಬಿಡುತ್ತದೆ, ಎಂಜಿನ್ ನಿಧಾನವಾದಾಗ ಕರೆಂಟ್ ಹಿಂದಕ್ಕೆ ಹರಿಯದಂತೆ ಮುಚ್ಚಿಕೊಳ್ಳುತ್ತದೆ. ಇನ್ನೊಂದು ರೆಗ್ಯುಲೇಟರ್. ವೋಲ್ಟೇಜ್ ಮಿತಿ ಮೀರಿದಾಗ ಫೀಲ್ಡಿನ ದಾರಿಯಲ್ಲಿ ರೆಸಿಸ್ಟೆನ್ಸ್ ಸೇರಿಸಿ ಕಡಿತ ಮಾಡುವುದು ಅದರ ಕೆಲಸ. ಅದರ ಪಾಯಿಂಟುಗಳು ಸೆಕೆಂಡಿಗೆ ಹತ್ತಾರು ಸಲ ತೆರೆದು ಮುಚ್ಚುತ್ತಿರುತ್ತವೆ, ಕಿವಿಗೊಟ್ಟರೆ ಗುಂಯ್‌ಗುಡುವುದು ಕೇಳಿಸುತ್ತದೆ.

ಇಷ್ಟು ಗೊತ್ತಾದರೆ ಡ್ಯಾಶ್‌ಬೋರ್ಡಿನ ಕೆಂಪು ದೀಪ ತಾನೇ ಮಾತಾಡತೊಡಗುತ್ತದೆ. ಅದರ ಒಂದು ಕಾಲು ಬ್ಯಾಟರಿಯ ಕಡೆ, ಇನ್ನೊಂದು ಕಾಲು ಡೈನಮೋದ ಕಡೆ. ಎರಡೂ ಕಡೆಯ ವೋಲ್ಟೇಜ್ ಸಮನಾದರೆ ದೀಪ ಆರುತ್ತದೆ, ಅಷ್ಟೇ ಅದರ ತರ್ಕ. ಎಂಜಿನ್ ಐಡಲಿನಲ್ಲಿದ್ದಾಗ ಮಿಣುಕಿ, ಸ್ವಲ್ಪ ಆಕ್ಸಿಲರೇಟರ್ ಒತ್ತಿದರೆ ಆರಿದರೆ ಅದು ರೋಗವಲ್ಲ, ಡೈನಮೋದ ಸ್ವಭಾವ. ಎಷ್ಟು ಒತ್ತಿದರೂ ಆರದಿದ್ದರೆ ಡೈನಮೋ ಹುಟ್ಟಿಸುತ್ತಿಲ್ಲ, ಇಲ್ಲವೇ ಬೆಲ್ಟ್ ಜಾರುತ್ತಿದೆ. ವೇಗ ಹೆಚ್ಚಿದಂತೆ ದೀಪ ಮತ್ತೆ ಮಂದವಾಗಿ ಹೊತ್ತಿಕೊಂಡರೆ ಡೈನಮೋ ಚೆನ್ನಾಗಿದೆ, ನಡುವಿನ ಪಾಯಿಂಟಿನಲ್ಲೋ ಕೀಲಿನಲ್ಲೋ ವೋಲ್ಟೇಜ್ ಸೋರುತ್ತಿದೆ. ದೀಪ ಆರಿತೆಂದ ಮಾತ್ರಕ್ಕೆ ಬ್ಯಾಟರಿಗೆ ಬೇಕಾದಷ್ಟು ಹೋಗುತ್ತಿದೆ ಎಂದು ನಂಬಬಾರದು. ಸಮನಾಗಿದೆ ಎಂದಷ್ಟೇ ಅದು ಹೇಳಬಲ್ಲದು. ಇನ್ನು, ಕೀ ತಿರುಗಿಸಿದಾಗ ದೀಪ ಹೊತ್ತಿಕೊಳ್ಳುವುದೇ ಇಲ್ಲ ಎನ್ನಿ. ಸಾಮಾನ್ಯವಾಗಿ ಬಲ್ಬ್ ಹೋಗಿರುತ್ತದೆ. ಆದರೆ ಅದರ ಜೊತೆಗೆ ಬೆಳಗ್ಗೆ ಎಂಜಿನ್ ತಣ್ಣಗಿದ್ದು ಡೈನಮೋ ಮಾತ್ರ ಮುಟ್ಟಿದರೆ ಬೆಚ್ಚಗಿದ್ದರೆ ಕೂಡಲೇ ಬ್ಯಾಟರಿ ವೈರ್ ಕೀಳಿ. ಕಟೌಟಿನ ಪಾಯಿಂಟುಗಳು ಸುಟ್ಟು ಒಂದಕ್ಕೊಂದು ಅಂಟಿಕೊಂಡಿವೆ, ರಾತ್ರಿಯಿಡೀ ಬ್ಯಾಟರಿ ಡೈನಮೋದೊಳಕ್ಕೆ ಹರಿದಿದೆ. ಹೊಸ ಬ್ಯಾಟರಿ ಹಾಕಿದರೂ ಎರಡು ದಿನದಲ್ಲಿ ಮಲಗುವ ಕಾರುಗಳಲ್ಲಿ ಇದೂ ಒಂದು ಕಾರಣ.

ಬೆಲ್ಟ್ ನೋಡುವುದು ಹೆಬ್ಬೆರಳಿನ ಕೆಲಸ. ಉದ್ದನೆಯ ಭಾಗದ ನಡುವೆ ಒತ್ತಿದರೆ ಅರ್ಧದಿಂದ ಮುಕ್ಕಾಲು ಇಂಚು ಬಗ್ಗಬೇಕು. ತೀರ ಬಿಗಿ ಮಾಡಿದರೆ ಡೈನಮೋದ ಬೇರಿಂಗ್ ತಿನ್ನುತ್ತದೆ.

ಡೈನಮೋ ಹುಟ್ಟಿಸುತ್ತಿದೆಯೋ ಇಲ್ಲವೋ ಎಂದು ತೀರ್ಮಾನಿಸಲು ಅದನ್ನು ಬಿಚ್ಚಬೇಕಾಗಿಲ್ಲ. ಲುಕಾಸ್ ಮಾದರಿಯ ಡೈನಮೋಗೆ, ಅಂದರೆ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನಿಂದ ಬಂದ ಅಂಬಾಸಿಡರಿನಂಥ ಕಾರುಗಳದ್ದಕ್ಕೆ, ಹಿಂದೆ ಎರಡು ಟರ್ಮಿನಲ್: ದೊಡ್ಡದು ಡಿ, ಚಿಕ್ಕದು ಎಫ್. ಎರಡೂ ವೈರ್ ಬಿಚ್ಚಿ, ಡಿ ಮತ್ತು ಬಾಡಿಯ ನಡುವೆ ಮೀಟರ್ ಹಿಡಿದು ಎಂಜಿನ್ ನಿಧಾನವಾಗಿ ಓಡಿಸಿದರೆ ಒಂದೂವರೆಯಿಂದ ಮೂರು ವೋಲ್ಟ್ ಬರಬೇಕು. ಉಳಿದ ಕಾಂತತ್ವದ ಫಲ ಅದು. ಆಮೇಲೆ ಡಿ, ಎಫ್ ಎರಡನ್ನೂ ಒಂದು ತುಂಡು ವೈರಿನಿಂದ ಸೇರಿಸಿ ಮತ್ತೆ ನೋಡಿ. ಎಂಜಿನ್ ವೇಗ ಸ್ವಲ್ಪ ಏರಿದಂತೆ ಸೂಜಿ ಸರಾಗವಾಗಿ ಏರಬೇಕು, 14 ದಾಟಬೇಕು. 20ಕ್ಕೆ ಬಂದರೆ ನಿಲ್ಲಿಸಿ, ಈ ಸ್ಥಿತಿಯಲ್ಲಿ ರೆಗ್ಯುಲೇಟರಿನ ಕಡಿವಾಣವಿಲ್ಲ, ರೇಸ್ ಮಾಡಿದರೆ ಡೈನಮೋ ಸುಡುತ್ತದೆ. ಏನೂ ಬರದಿದ್ದರೆ ಬ್ರಷ್ ನೋಡಿ. ಅರ್ಧ, ಒಂದು ವೋಲ್ಟಿಗೇ ನಿಂತರೆ ಫೀಲ್ಡ್ ಕಾಯಿಲಿನ ಮೇಲೆ ಅನುಮಾನ. ಬರಬೇಕಾದ್ದರ ಅರ್ಧಕ್ಕೆ ನಿಂತರೆ ಆರ್ಮೇಚರ್ ವೈಂಡಿಂಗ್. ಹಳೆಯ ಲುಕಾಸ್ ಕೈಪಿಡಿಗಳಲ್ಲಿದ್ದ ಈ ಮೂರು ಸೂತ್ರಗಳಿಗೆ ಇವತ್ತಿಗೂ ಸೇರಿಸಬೇಕಾದ್ದು ಏನೂ ಇಲ್ಲ.

ಒಂದು ಎಚ್ಚರಿಕೆ. ಹಳೆಯ ವಿಲ್ಲೀಸ್ ಜೀಪಿನ ಅಮೆರಿಕನ್ ಡೈನಮೋದಲ್ಲಿ ಸಂಪರ್ಕ ತಿರುಗುಮುರುಗು: ಫೀಲ್ಡಿಗೆ ಕರೆಂಟ್ ಒಳಗಿನಿಂದಲೇ ಸಿಗುತ್ತದೆ, ರೆಗ್ಯುಲೇಟರ್ ಅದನ್ನು ಅರ್ಥ್ ಮಾಡುತ್ತದೆ. ಅಲ್ಲಿ ಎಫ್ ಅನ್ನು ಡಿಗೆ ಸೇರಿಸದೆ ಬಾಡಿಗೆ ಮುಟ್ಟಿಸಿ ಪರೀಕ್ಷಿಸಬೇಕು. ಆ ಜೀಪುಗಳು 6 ವೋಲ್ಟಿನವು ಬೇರೆ, ಮೇಲೆ ಹೇಳಿದ ಅಂಕಿಗಳನ್ನೆಲ್ಲ ಅರ್ಧ ಮಾಡಿಕೊಳ್ಳಬೇಕು. ಕಾರಿನ ಜಾತಿ ತಿಳಿಯದೆ ತುಂಡು ವೈರ್ ಹಿಡಿದು ಬಾನೆಟ್ಟಿನೊಳಗೆ ಬಗ್ಗಬಾರದು.

ಬ್ರಷ್ಷಿನ ವಿಚಾರ ನಿಧಾನವಾಗಿ ನೋಡುವಂಥದು. ಕಾರ್ಬನ್ ಬ್ರಷ್ಷುಗಳು ತಮ್ಮ ಗೂಡಿನಲ್ಲಿ ಸಲೀಸಾಗಿ ಜಾರಬೇಕು, ಸ್ಪ್ರಿಂಗ್ ಅವನ್ನು ಕಮ್ಯುಟೇಟರಿಗೆ ಒತ್ತಿ ಹಿಡಿದಿರಬೇಕು. ಮಲೆನಾಡಿನ ತೇವಕ್ಕೆ ಕಾರ್ಬನ್ ಪುಡಿ, ಎಣ್ಣೆ ಜಿಡ್ಡು ಸೇರಿ ಗೂಡಿನೊಳಗೆ ಬ್ರಷ್ ಕಚ್ಚಿಕೊಳ್ಳುತ್ತದೆ. ನಾಲ್ಕು ತಿಂಗಳು ನಿಂತ ಕಾರಿನ 'ಡೈನಮೋ ಸತ್ತಿದೆ' ಎಂಬ ದೂರಿಗೆ ಎಷ್ಟೋ ಸಲ ಇದೇ ಮೂಲ. ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಬ್ರಷ್ಷಿನ ಬದಿ, ಕಮ್ಯುಟೇಟರ್ ಒರೆಸಬೇಕು. ಒರೆಸಿದ್ದು ಸಾಲದಿದ್ದರೆ ನಯವಾದ ಗ್ಲಾಸ್ ಪೇಪರ್. ಎಮರಿ ಕಾಗದ ಮಾತ್ರ ಬೇಡ, ಅದರ ಹರಳು ತಾಮ್ರದಲ್ಲಿ ಹೂತುಕೊಂಡು ಬ್ರಷ್ ತಿನ್ನುತ್ತದೆ. ತಾಮ್ರದ ಪಟ್ಟಿಗಳ ನಡುವೆ ಇರುವ ಮೈಕಾ ತಾಮ್ರಕ್ಕಿಂತ ಸುಮಾರು 0.8 ಮಿಲಿಮೀಟರ್ ಕೆಳಗಿರಬೇಕು. ತಾಮ್ರ ಸವೆದು ಮೈಕಾ ಮೇಲೆದ್ದರೆ ಬ್ರಷ್ ಕುಣಿಯುತ್ತದೆ, ಕಿಡಿ ಹಾರುತ್ತದೆ. ಲೇತಿಗೆ ಕೊಟ್ಟು ಸ್ಕಿಮ್ ಮಾಡಿಸಿ, ಹ್ಯಾಕ್ಸಾ ಬ್ಲೇಡಿನ ತುಂಡಿನಿಂದ ಮೈಕಾ ಕೆರೆಯುವುದು ತಾಳ್ಮೆಯ ಕೆಲಸ. ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನಂಥ ಕಡೆ ಲೇತಿಗೆ ಬರವಿಲ್ಲ, ಆರ್ಮೇಚರ್ ಕೈಯಲ್ಲಿ ಸುತ್ತುವ ವೈಂಡಿಂಗ್ ಕೆಲಸಗಾರರು ಮಾತ್ರ ಕಡಿಮೆಯಾಗುತ್ತಿದ್ದಾರೆ. ಪಂಪ್‌ಸೆಟ್ ಮೋಟಾರ್ ಸುತ್ತುವವರನ್ನು ಕೇಳಿದರೆ ಅವರಲ್ಲಿ ಹಿರಿಯರು ಡೈನಮೋವನ್ನೂ ಸುತ್ತಬಲ್ಲರು. ಹಿಂಭಾಗದ ಬುಷ್ಷಿಗೆ ಎಣ್ಣೆ ಬಿಡಲು ಲುಕಾಸ್ ಡೈನಮೋದ ಹಿಂದಿನ ಮುಚ್ಚಳದ ನಡುವೆ ಸಣ್ಣ ತೂತಿರುತ್ತದೆ. ಎರಡು ಮೂರು ಹನಿ ಎಂಜಿನ್ ಆಯಿಲ್ ಸಾಕು, ಹೆಚ್ಚಾದರೆ ಅದೇ ಹೋಗಿ ಬ್ರಷ್ಷಿಗೆ ಮೆತ್ತಿಕೊಳ್ಳುತ್ತದೆ.

ಬ್ರಷ್ ಸರಿಯಿದ್ದೂ ಮೊದಲ ಒಂದೆರಡು ವೋಲ್ಟೇ ಹುಟ್ಟದಿದ್ದರೆ ಕಾಂತತ್ವ ಅಳಿಸಿಹೋಗಿರಬಹುದು, ಬಹಳ ಕಾಲ ಬಿಚ್ಚಿಟ್ಟ ಡೈನಮೋಗಳಿಗೆ ಹೀಗಾಗುತ್ತದೆ. ಲುಕಾಸ್ ಮಾದರಿಯಲ್ಲಿ ಎಫ್ ವೈರ್ ಬಿಚ್ಚಿ, ಬ್ಯಾಟರಿಯ ಅರ್ಥ್ ಆಗಿರದ ತುದಿಯಿಂದ ಒಂದು ವೈರನ್ನು ಡೈನಮೋದ ಎಫ್ ಟರ್ಮಿನಲ್ಲಿಗೆ ಎರಡು ಮೂರು ಸಲ ಕ್ಷಣಮಾತ್ರ ತಾಕಿಸಿದರೆ ಕಬ್ಬಿಣಕ್ಕೆ ನೆನಪು ಮರಳುತ್ತದೆ. 1960ರ ದಶಕದ ಮಧ್ಯದವರೆಗಿನ ಬಹಳಷ್ಟು ಬ್ರಿಟಿಷ್ ಮೂಲದ ಕಾರುಗಳಲ್ಲಿ ಬ್ಯಾಟರಿಯ ಪ್ಲಸ್ ತುದಿಯೇ ಬಾಡಿಗೆ ಅರ್ಥ್ ಆಗಿರುತ್ತಿತ್ತು. ಇದು ತಿಳಿಯದ ಹುಡುಗ ರೂಢಿಯಂತೆ ಮೈನಸ್ಸನ್ನು ಬಾಡಿಗೆ ಬಿಗಿದು ಬ್ಯಾಟರಿ ಕೂರಿಸಿದರೆ ಡೈನಮೋ ಒಂದು ದಿಕ್ಕು, ಬ್ಯಾಟರಿ ಒಂದು ದಿಕ್ಕು. ಕಟೌಟಿನ ಪಾಯಿಂಟು ಸುಟ್ಟುಹೋಗುತ್ತದೆ. ವೈರಿನ ಬಣ್ಣವನ್ನೂ ನಂಬಬೇಡಿ. ಕಂದು, ಹಳದಿ ಎಂದು ಕೈಪಿಡಿ ಹೇಳುತ್ತದೆ, ಐವತ್ತು ವರ್ಷದಲ್ಲಿ ಕೈಗೆ ಸಿಕ್ಕಿದ ಬಣ್ಣದ ವೈರಿನಲ್ಲಿ ಎಷ್ಟು ಜನ ಮರುಜೋಡಣೆ ಮಾಡಿದ್ದಾರೋ ಯಾರಿಗೆ ಗೊತ್ತು.

ಈಗ ನಮ್ಮ ಕಡೆಯ ನಿಜವಾದ ಖಳನಾಯಕನಿಗೆ ಬರೋಣ: ಕಿಲುಬು. ಡೈನಮೋ 14 ವೋಲ್ಟ್ ಕೊಡುತ್ತಿದೆ, ಬ್ಯಾಟರಿಗೆ ತಲುಪುವುದು 13.2. ಉಳಿದದ್ದು ಎಲ್ಲಿ ಹೋಯಿತು? ಮಳೆಯ ತೇವಕ್ಕೆ ಹಸಿರುಗಟ್ಟಿದ ಲಗ್ಗಿನಲ್ಲಿ, ಸಡಿಲಾದ ಫ್ಯೂಸ್ ಕ್ಲಿಪ್ಪಿನಲ್ಲಿ, ಪೇಂಟ್ ಬಳಿದ ಚಾಸಿಯ ಮೇಲೆ ಕೂತ ಅರ್ಥ್ ಬೋಲ್ಟಿನಲ್ಲಿ. ಕೀಲೊಂದರಲ್ಲಿ 0.05 ಓಮ್ ರೆಸಿಸ್ಟೆನ್ಸ್ ಇದ್ದರೆ 15 ಆಂಪಿಯರಿಗೆ ಮುಕ್ಕಾಲು ವೋಲ್ಟ್ ಅಲ್ಲೇ ಬಿಸಿಯಾಗಿ ಹೋಗುತ್ತದೆ. ರೆಸಿಸ್ಟೆನ್ಸ್ ಅಳೆಯಲು ಹೋದರೆ ಸಾಧಾರಣ ಮೀಟರಿಗೆ ಇಷ್ಟು ಸಣ್ಣದು ಕಾಣುವುದೇ ಇಲ್ಲ. ಕರೆಂಟ್ ಹರಿಯುತ್ತಿರುವಾಗಲೇ ವೋಲ್ಟ್ ಅಳೆಯಬೇಕು: ಎಂಜಿನ್ ಸ್ವಲ್ಪ ವೇಗದಲ್ಲಿ ಓಡಲಿ, ಹೆಡ್‌ಲೈಟ್ ಹೊತ್ತಿರಲಿ, ಮೀಟರಿನ ಒಂದು ಮೊನೆ ಡೈನಮೋದ ಬಾಡಿಗೆ, ಇನ್ನೊಂದು ಬ್ಯಾಟರಿಯ ಅರ್ಥ್ ತುದಿಗೆ. ಕ್ಲ್ಯಾಂಪಿಗಲ್ಲ, ನೇರ ಸೀಸದ ತುದಿಗೇ. 0.2ಕ್ಕಿಂತ ಹೆಚ್ಚು ತೋರಿಸಿದರೆ ಅರ್ಥ್ ಪಟ್ಟಿ ಬಿಚ್ಚಿ, ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿದು, ಮೇಲೆ ವ್ಯಾಸಲಿನ್ ಸವರಿ. ಹಾಗೆಯೇ ಡಿ ಟರ್ಮಿನಲ್ಲಿನಿಂದ ಕಟೌಟಿಗೆ, ಅಲ್ಲಿಂದ ಆಮೀಟರಿಗೆ, ಅಲ್ಲಿಂದ ಬ್ಯಾಟರಿಗೆ ಒಂದೊಂದೇ ತುಂಡನ್ನು ಅಳೆಯುತ್ತ ಹೋಗಬೇಕು. ಬೇಜಾರಿನ ಕೆಲಸವೇ. ಆದರೆ ಜೂನಿನಿಂದ ಸೆಪ್ಟೆಂಬರಿನವರೆಗೆ ಒಣಗದ ಊರಿನಲ್ಲಿ ಬ್ಯಾಟರಿ ನೋಡಿದ ಮೇಲೆ ಮೊದಲು ಕೈಹಾಕಬೇಕಾದ ಜಾಗ ಇದೇ ಎಂಬುದು ನನ್ನ ಅಭಿಪ್ರಾಯ.

ಎಲ್ಲ ಮುಗಿದ ಮೇಲೆ ಉಳಿಯುವುದು ರೆಗ್ಯುಲೇಟರ್. ಇದನ್ನು ಮೊದಲು ಮುಟ್ಟುವವರೇ ಹೆಚ್ಚು, ಯಾಕೆಂದರೆ ಅದರಲ್ಲಿ ತಿರುಗಿಸಲು ಒಂದು ಸ್ಕ್ರೂ ಇದೆ. ತಿರುಗಿಸಿದರೆ ಆಮೀಟರಿನ ಮುಳ್ಳು ಏರುತ್ತದೆ, ಮನಸ್ಸಿಗೆ ಸಮಾಧಾನ. ಆಮೇಲೆ ಬ್ಯಾಟರಿ ಕುದಿಯುತ್ತದೆ, ಡಿಸ್ಟಿಲ್ಡ್ ವಾಟರ್ ವಾರಕ್ಕೊಮ್ಮೆ ಹಾಕಬೇಕಾಗುತ್ತದೆ, ಬಲ್ಬುಗಳು ಸುಡುತ್ತವೆ. ಪಾಯಿಂಟ್ ಚೊಕ್ಕಟ ಮಾಡುವುದು, ಡಬ್ಬಿಯ ಅರ್ಥ್ ನೋಡುವುದು ಮಾಲೀಕನ ಕೆಲಸ. ಸೆಟ್ಟಿಂಗ್ ಮಾತ್ರ ಬ್ಯಾಟರಿಯನ್ನು ಬಿಡಿಸಿ, ಒಳ್ಳೆಯ ಮೀಟರ್ ಇಟ್ಟುಕೊಂಡು ಮಾಡುವಂಥದು. ಲುಕಾಸ್ ಎರಡು ಕಾಯಿಲಿನ ಡಬ್ಬಿಗೆ ಆಗ ಬರಬೇಕಾದ್ದು ಸುಮಾರು 16 ವೋಲ್ಟ್, ಬಿಸಿಲು ಹೆಚ್ಚಿದಂತೆ ಸ್ವಲ್ಪ ಕಡಿಮೆ.

ಹಾಗಾದರೆ ಆಲ್ಟರ್ನೇಟರ್? 1960ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿ ತನ್ನ ವೇಲಿಯಂಟ್ ಕಾರಿಗೆ ಹಾಕಿದ ಮೇಲೆ, ಸಿಲಿಕಾನ್ ಡಯೋಡ್ ಅಗ್ಗವಾದಂತೆ, ಡೈನಮೋ ಹಿಂದೆ ಸರಿಯಿತು. ಐಡಲಿನಲ್ಲೂ ಚಾರ್ಜ್ ಕೊಡುತ್ತದೆ ಎಂಬುದು ಅದರ ದೊಡ್ಡ ಗುಣ. ಬೇಕೇ ಎಂಬುದನ್ನು ನಮ್ಮ 20 ಕಿಲೋಮೀಟರಿನ ಲೆಕ್ಕದಿಂದಲೇ ತೀರ್ಮಾನಿಸಬಹುದು. ಎರಡು 45 ವಾಟಿನ ಹೆಡ್‌ಲೈಟಿಗೆ ಏಳೂವರೆ ಆಂಪಿಯರ್, ಪಾರ್ಕಿಂಗ್ ದೀಪಗಳಿಗೆ ಎರಡು, ಇಗ್ನಿಷನ್ ಕಾಯಿಲಿಗೆ ಮೂರು ನಾಲ್ಕು, ವೈಪರಿಗೆ ಎರಡು ಮೂರು. ಒಟ್ಟು 14.5ರಿಂದ 16.5. ಲುಕಾಸಿನ ಸಿ-40 ಡೈನಮೋ ಓಟದಲ್ಲಿ 22 ಆಂಪಿಯರ್ ಕೊಡಬಲ್ಲದು, ಹಾಗಾಗಿ ಮಾಚೇನಹಳ್ಳಿ ದಾಟಿ ಆರಾಮವಾಗಿ ಶಿವಮೊಗ್ಗ ಸೇರಬಹುದು. ದಾರಿಯಲ್ಲಿ ನಿಂತು ಐಡಲಿನಲ್ಲಿ ಕಾಯುವಾಗ ಹೆಡ್‌ಲೈಟ್ ಆರಿಸಿದರಾಯಿತು. ಏಸಿ, ಹ್ಯಾಲೊಜೆನ್, ಆಂಪ್ಲಿಫೈಯರ್ ಎಲ್ಲ ಬೇಕೆನ್ನುವವರು ಡೈನಮೋವನ್ನು ಬೈಯುವುದು ನ್ಯಾಯವಲ್ಲ.

ಕಾನೂನೂ ಈಗ ಈ ಕಡೆ ಒಂದು ಕಣ್ಣಿಟ್ಟಿದೆ. 2021ರ ಜುಲೈಯಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ 50 ವರ್ಷ ದಾಟಿದ, ಎಂಜಿನ್, ಚಾಸಿ, ಬಾಡಿಯಲ್ಲಿ ದೊಡ್ಡ ಮಾರ್ಪಾಡಾಗದ ಕಾರು ವಿಂಟೇಜ್ ನೋಂದಣಿ ಪಡೆಯಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000, ನಂಬರ್ ಪ್ಲೇಟಿನಲ್ಲಿ 'ವಿಎ' ಅಕ್ಷರ. ನಿತ್ಯದ ಓಡಾಟಕ್ಕೆ ಅದನ್ನು ಬಳಸುವಂತಿಲ್ಲ. ಪ್ರದರ್ಶನಕ್ಕೆ, ರ‍್ಯಾಲಿಗೆ ಹೋಗುವ ಕಾರಿಗೆ ಮೂಲ ಡೈನಮೋವೇ ಭೂಷಣ.

ಆದರೂ ಆಲ್ಟರ್ನೇಟರೇ ಬೇಕೆಂದರೆ ಎರಡು ಸಂಗತಿ ತಿಳಿದಿರಲಿ. ಕೆಂಪು ದೀಪದ ಬಲ್ಬ್ ಡೈನಮೋಗೆ ಬರೀ ಸೂಚನೆ. ಬಹಳಷ್ಟು ಆಲ್ಟರ್ನೇಟರುಗಳಿಗೆ ಫೀಲ್ಡಿನ ಮೊದಲ ಕರೆಂಟ್ ಆ ಬಲ್ಬಿನ ಮೂಲಕವೇ ಹೋಗುತ್ತದೆ, ಬಲ್ಬ್ ಸುಟ್ಟರೆ ಚಾರ್ಜಿಂಗೂ ನಿಲ್ಲಬಹುದು. ಮತ್ತು ಎಂಜಿನ್ ಓಡುವಾಗ ಬ್ಯಾಟರಿ ವೈರ್ ಕಿತ್ತು 'ಚಾರ್ಜ್ ಬರ್ತಿದೆಯಾ' ಎಂದು ನೋಡುವ ಹಳೆಯ ಚಾಳಿಯನ್ನು ಅವತ್ತೇ ಬಿಡಬೇಕು, ಡಯೋಡುಗಳು ಅದನ್ನು ಸಹಿಸುವುದಿಲ್ಲ. ಬ್ಯಾಟರಿ ತಿರುಗುಮುರುಗು ಕೊಟ್ಟರಂತೂ ಕೂಡಲೇ ಹೋಗುತ್ತವೆ. ಡ್ಯಾಶ್‌ಬೋರ್ಡಿನ 30 ಆಂಪಿಯರ್ ಆಮೀಟರು, ಅದಕ್ಕೆ ಹೋಗುವ ಅರವತ್ತರ ದಶಕದ ವೈರು, 40 ಆಂಪಿಯರಿನ ಹೊಸ ಆಲ್ಟರ್ನೇಟರಿಗೆಂದು ಮಾಡಿದವಲ್ಲ. ದಪ್ಪ ವೈರನ್ನು ಫ್ಯೂಸ್ ಸಮೇತ ನೇರ ಬ್ಯಾಟರಿಗೆ ಎಳೆಸಿ. ಬಿಚ್ಚಿದ ಡೈನಮೋ, ಅದರ ಬ್ರಾಕೆಟ್, ಪುಲ್ಲಿ, ಕಟೌಟ್ ಡಬ್ಬಿ ಇವನ್ನು ಗುಜರಿಯವನಿಗೆ ಹಾಕದೆ ಗೋಣಿಚೀಲದಲ್ಲಿ ಸುತ್ತಿ ಅಟ್ಟದ ಮೇಲಿಡಿ. ಕಾರು ಮಾರುವ ದಿನ ಕೊಳ್ಳುವವನು ಮೊದಲು ಕೇಳುವುದು ಅದನ್ನೇ.